ಗುಂಡನೆಯ ಶಿಕ್ಕಾ

ನನ್ನ ಮೇಜಿನ ಖಾನೆಯಲ್ಲಿ ಎರಡು ರಬ್ಬರ್ ಶಿಕ್ಕಾಗಳಿದ್ದವು. ಒಂದು ಉದ್ದನೆಯದು: ‘ಸ್ವೀಕರಿಸಲಾಗಿದೆ’ ಎಂಬ ಒಂದೇ ಶಬ್ದ, ಅದರ ಕೆಳಗೆ ತಾರೀಖು. ಇನ್ನೊಂದು ಗುಂಡನೆಯದು, ಸುತ್ತಲೂ ಕಚೇರಿಯ ಹೆಸರಿದ್ದದ್ದು. ಉದ್ದನೆಯದನ್ನು ಯಾರು ಏನು ಬರೆದು ತಂದರೂ ಹೊಡೆಯಬಹುದು. ಕಾಗದ ನಮ್ಮ ಕೈಗೆ ಮುಟ್ಟಿತು ಎಂಬುದಷ್ಟೇ ಅದರ ಮಾತು. ಗುಂಡನೆಯದನ್ನು ಮಾತ್ರ ತಹಶೀಲ್ದಾರ ಸಾಹೇಬರ ಸಹಿಯ ಪಕ್ಕದಲ್ಲೇ ಹೊಡೆಯಬೇಕು, ಯಾಕೆಂದರೆ ಅದು ಬಿದ್ದರೆ ಹುಕುಂ ಆಯಿತೆಂದೇ ತಿಳಿಯುತ್ತಾರೆ. ನನ್ನ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಈ ಎರಡು ಶಿಕ್ಕಾಗಳ ನಡುವಿನದು. ಸಣ್ಣ ತಪ್ಪುಗಳು ಬೇಕಾದಷ್ಟಿವೆ, ಅವುಗಳಿಗೆ ಸರ್ಕಾರ ನನಗೆ ಬಡ್ತಿ ಕೊಟ್ಟಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳಲ್ಲೇ ವರ್ಗಾವಣೆಯಾಗುತ್ತ ನನ್ನ ಆಯುಷ್ಯ ಕಳೆದಿದೆ. ಇದು ಯಾವ ಕಚೇರಿಯ ಕತೆ ಎಂದು ಹೇಳುವುದಿಲ್ಲ. ಐದೂ ಕಡೆಯವರು ತಮ್ಮದಲ್ಲ ಎಂದುಕೊಂಡು ನೆಮ್ಮದಿಯಾಗಿರಲಿ. ನಾನು ಟಪಾಲು ಗುಮಾಸ್ತೆ. ಕಿಟಕಿಯ ಆಚೆ ಜನರ ಸಾಲು, ಈಚೆ ನಾನು, ನನ್ನ ಮುಂದೆ ಬಂದ ಕಾಗದಗಳನ್ನು ದಾಖಲಿಸುವ ಆವಕ ವಹಿ. ಒಂದು ಕಚೇರಿಯಲ್ಲಿದ್ದಾಗ ಹಾಲಿನ ಡೇರಿಯ ತಕರಾರು ಹಿಡಿದು ಸದಲಗಾ ಕಡೆಯವರು ಬರುತ್ತಿದ್ದರು, ಇನ್ನೊಂದರಲ್ಲಿದ್ದಾಗ ಬಸ್ಸು ನಿಲ್ಲಿಸುವುದಿಲ್ಲವೆಂದು ಐಗಳಿ ಕಡೆಯವರು ಬರುತ್ತಿದ್ದರು. ಕೆಲವರು ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದ ಕಡೆ ಮರಾಠಿಯಲ್ಲಿ ಮುಗಿಸಿರುತ್ತಿದ್ದರು. ಎಲ್ಲಕ್ಕೂ ನಂಬರು ಕೊಟ್ಟು, ಶಿಕ್ಕಾ ಹೊಡೆದು, ಒಂದು ಪ್ರತಿಯನ್ನು ಅವರಿಗೇ ತಿರುಗಿ ಕೊಡುತ್ತಿದ್ದೆ. ಅದಕ್ಕೆ ಜನ ಪೋಚ್ ಎನ್ನುತ್ತಾರೆ, ಮುಟ್ಟಿದ್ದಕ್ಕೆ ರಸೀದಿ. ಕೆಲವರು ಅದನ್ನು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು.

ಅರ್ಜಿ ಕೊಟ್ಟರೆ ಸರ್ಕಾರ ಕೇಳುತ್ತದೆಯೇ ಎಂದು ಈಗಲೂ ಬಸ್ಸಿನಲ್ಲಿ ಪಕ್ಕ ಕೂತವರು ನನ್ನನ್ನು ಕೇಳುತ್ತಾರೆ. ಕೇಳುವುದು ಆಮೇಲಿನ ಮಾತು. ಮೊದಲು ಅದು ಎಲ್ಲಿ ಹೋಗುತ್ತದೆ ಎಂದು ನಾನು ಹೇಳಬಲ್ಲೆ. ಅದು ತಲಾಟಿಗೆ, ಅಂದರೆ ಊರಿನ ಲೆಕ್ಕಿಗನಿಗೆ ಹೋಗುತ್ತದೆ. ತಲಾಟಿ ಪಂಚಾಯಿತಿಗೆ ಬರೆಯುತ್ತಾನೆ. ಪಂಚಾಯಿತಿಯವರು ಅಳತೆ ಆಫೀಸಿಗೆ ಬರೆಯುತ್ತಾರೆ. ಅಳತೆಯವರು, ಇದು ತಾಲೂಕು ಕಚೇರಿಯ ವಿಷಯ, ಅಲ್ಲಿಂದ ನಿರ್ದೇಶನ ಬಂದರೆ ಕ್ರಮ ಕೈಗೊಳ್ಳುವುದಾಗಿ ನಮಗೇ ಬರೆಯುತ್ತಾರೆ. ಹಾಗೆ ತಿರುಗಿ ಬಂದದ್ದಕ್ಕೆ ನಾನು ಹೊಸ ನಂಬರು ಕೊಡುತ್ತೇನೆ. ಇದರಲ್ಲಿ ಒಂದು ಸೊಗಸೇನೆಂದರೆ, ಕಾಗದ ನಮ್ಮ ಬಾಗಿಲು ದಾಟಿ ಇನ್ನೊಂದು ಕಚೇರಿಗೆ ಹೋದ ದಿನವೇ ನಮ್ಮ ವಹಿಯಲ್ಲಿ ಅದು ವಿಲೇವಾರಿ. ಈಗ ಕಂಪ್ಯೂಟರ್ ಬಂದಿದೆ, ಒಂದು ಗುಂಡಿ ಒತ್ತಿದರೆ ಹಸಿರು ಬಣ್ಣ ಬರುತ್ತದೆ. ಆ ಹಸಿರನ್ನು ನೋಡಿ ಮೇಲಿನವರು ಸಂತೋಷಪಡುತ್ತಾರೆ.

ಆ ಸಾಲಿನಲ್ಲಿ ನನ್ನಪ್ಪನೂ ನಿಲ್ಲುತ್ತಿದ್ದ.

ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದು ಎದೆ ಕೆಡಿಸಿಕೊಂಡವನು. ಸಹಿ ಮಾಡಲು ಬರುತ್ತಿತ್ತು, ಓದಲು ಅಷ್ಟಕ್ಕಷ್ಟೇ. ನನ್ನ ಗಂಡ ಕೊಲ್ಲಾಪುರದ ಕಡೆ ಕೆಲಸದಲ್ಲಿದ್ದುದರಿಂದ ನಾನು ಅಪ್ಪನ ಮನೆಯಿಂದಲೇ ಕಚೇರಿಗೆ ಹೋಗಿಬರುತ್ತಿದ್ದೆ. ನಮ್ಮದು ಊರಿನ ಕೆಳಗಿನ ಓಣಿ, ಬುದ್ಧವಿಹಾರವಿರುವ ಓಣಿ. ಊರಿನ ಬೇರೆಯವರಿಗೆ ಹೊಲಗಳಿದ್ದವು, ಮಣ್ಣು ಮಾಡಲು ಅವರವರ ಜಾಗಗಳಿದ್ದವು. ನಮಗೆ ಹೊಳೆಯ ದಂಡೆ. ಅವ್ವ ಒಂದು ಚಳಿಗಾಲದಲ್ಲಿ ತೀರಿಕೊಂಡಾಗ ಅಲ್ಲೇ ಒಂದು ಜಾಲಿಗಿಡದ ಪಕ್ಕ ಮಣ್ಣು ಮಾಡಿದ್ದೆವು. ಮುಂದಿನ ಮಳೆಗಾಲ ಕೊಲ್ಲಾಪುರದ ಕಡೆ ಮಳೆ ಹಿಡಿದು ಹೊಳೆ ಮೇಲೆ ಬಂತು. ಇಳಿದ ಮೇಲೆ ಹೋಗಿ ನೋಡಿದರೆ ಜಾಲಿಗಿಡವಿರಲಿಲ್ಲ. ಗಿಡ ನಿಂತಿದ್ದ ನೆಲವೂ ಇರಲಿಲ್ಲ. ಅಪ್ಪ ಸಲಿಕೆ ಹಿಡಿದುಕೊಂಡು ಮಧ್ಯಾಹ್ನದವರೆಗೆ ಆ ಕೆಸರಿನಲ್ಲಿ ಓಡಾಡಿದ. ಏನು ಹುಡುಕುತ್ತಿದ್ದಾನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಗೆ ಬಂದವನು, “ನಿಮ್ಮವ್ವ ಎರಡ ಸಲ ಸತ್ತಳು ನೋಡು,” ಅಂದ. ಆಮೇಲೆ, “ಒಂದ ಅರ್ಜಿ ಬರಿ ಬೇ,” ಅಂದ.

ಊರಿನ ಮೇಲ್ಗಡೆ ದಿಬ್ಬದಲ್ಲಿ ಗಾಯರಾಣವಿತ್ತು, ದನ ಮೇಯಲೆಂದು ಬಿಟ್ಟ ಸರ್ಕಾರಿ ನೆಲ. ಹೊಳೆ ಎಷ್ಟು ಬಂದರೂ ಅಲ್ಲಿಗೆ ಬರುವುದಿಲ್ಲ. ಅದರ ಒಂದು ಮೂಲೆಯನ್ನು ನಮ್ಮ ಓಣಿಯ ಸ್ಮಶಾನಕ್ಕೆ ಕೊಡಬೇಕು, ಅಪ್ಪನ ಬೇಡಿಕೆ ಇಷ್ಟೇ. ನಾನು ಬರೆದೆ. ಅಕ್ಷರದ ಗುರುತು ಸಿಗದಿರಲೆಂದು ದಪ್ಪದಪ್ಪಗೆ, ಹೈಸ್ಕೂಲಿನ ಮಕ್ಕಳ ಹಾಗೆ ಬರೆದೆ. ಓಣಿಯವರೆಲ್ಲ ಸಹಿ ಮಾಡಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಮರುದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಸಾಲಿನಲ್ಲಿ ನಿಂತ. ಒಳಗೆ ಬಾ ಎಂದು ಸನ್ನೆ ಮಾಡಿದರೂ ಬರಲಿಲ್ಲ.

“ಮೇಡಮ್ಮಾರ, ಇದೊಂದ ಅರ್ಜಿ ಐತ್ರಿ. ಪೋಚ್ ಕೊಡ್ರಿ,” ಅಂದ.

ನನಗೆ ನಗು ತಡೆಯಲಾಗಲಿಲ್ಲ. ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಸಾಯಂಕಾಲ ಚಹಾ ಕುಡಿಯುತ್ತ, “ಏನಬೇ, ಎಲ್ಲಿಗಿ ಬಂತು ನಮ್ಮ ಅರ್ಜಿ?” ಎಂದು ಬೇರೊಂದು ದನಿಯಲ್ಲಿ ಕೇಳಿದ. ಕಚೇರಿಯಲ್ಲಿ ಮೇಡಮ್ಮಾರ, ಮನೆಯಲ್ಲಿ ಬೇ. ಈ ಆಟವನ್ನು ಅವನು ಒಂದು ದಿನವೂ ಮರೆಯಲಿಲ್ಲ. ಮಗಳಿದ್ದಾಳೆಂದು ಸಾಲು ಮುರಿದರೆ ಅರ್ಜಿಯ ತೂಕ ಕಡಿಮೆಯಾಗುತ್ತದೆಂದು ಅವನು ನಿಜವಾಗಿಯೂ ನಂಬಿದ್ದ.

ನಾನು ಅದನ್ನು ತಲಾಟಿಗೆ ಕಳಿಸಿ ವಿಲೇವಾರಿ ಎಂದು ಬರೆದುಕೊಂಡೆ. ಬರೆದವಳೂ ನಾನೇ, ಪಡೆದವಳೂ ನಾನೇ, ಮುಗಿಸಿದವಳೂ ನಾನೇ. ಅಪ್ಪನಿಗೆ “ಮ್ಯಾಲ ಹೋಗೇತಿ” ಅಂದೆ. ನಮ್ಮ ಕಡೆ ಈ ಮಾತಿಗೆ ಬಹಳ ಬೆಲೆ. ಮೇಲೆ ಹೋಗಿದೆ ಅಂದರೆ ಯಾರೋ ದೊಡ್ಡವರು ಕನ್ನಡಕ ಹಾಕಿಕೊಂಡು ಓದುತ್ತಿದ್ದಾರೆ ಎಂದು ಜನ ಕಣ್ಮುಂದೆ ತಂದುಕೊಳ್ಳುತ್ತಾರೆ. ಅಪ್ಪನೂ ಹಾಗೇ ತಂದುಕೊಂಡ. ವರ್ಷಕ್ಕೆರಡು ಅರ್ಜಿಯಂತೆ ಕೊಡುತ್ತ ಹೋದ. ಪ್ರತಿ ಸಲ ಅದೇ ಅಂಗಿ, ಅದೇ “ಮೇಡಮ್ಮಾರ”.

ಆಮೇಲೆ ಕುರಿಯವರು ಬಂದರು. ಗಾಯರಾಣದ ಸುತ್ತ ಕುರಿ ಮೇಯಿಸುವ ಮನೆಗಳಿದ್ದವು. ತಲೆತಲಾಂತರದಿಂದ ಅಲ್ಲೇ ಇದ್ದವರು, ಸಣ್ಣ ಹೊಲದವರು. ಅವರ ಹಿರಿಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಿಟಕಿಗೆ ಬಂದ. ಅವನೂ ಅಪ್ಪನೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುವವರು. ಗಾಯರಾಣವನ್ನು ಯಾರಿಗೂ ಕೊಡಬಾರದೆಂದು ಅವನ ಅರ್ಜಿ.

“ನಿಮ್ಮಪ್ಪನ ಮ್ಯಾಲ ನನಗ ಸಿಟ್ಟಿಲ್ರಿ ಬಾಯಾರ,” ಅಂದ. “ಇವತ್ತ ಮೂಲಿ ಅಂತಾರ, ನಾಳೆ ಕಂಪೌಂಡ ಕಟ್ಟತಾರ. ಇದ್ದ ನೆಲಾ ಎಲ್ಲಾ ಒಬ್ಬೊಬ್ರು ತಿಂದಾರ. ನಾವು ಕುರಿ ಎಲ್ಲಿ ಬಿಡೂನು ಹೇಳ್ರಿ?”

ಉದ್ದನೆಯ ಶಿಕ್ಕಾ ಹೊಡೆದು ಪೋಚ್ ಕೊಟ್ಟೆ. ಸಾಹೇಬರು ಆ ಅರ್ಜಿ ನೋಡಿ ಹಗುರಾದರು. ನಮ್ಮ ಓಣಿಯ ಅರ್ಜಿಗಳ ಮೇಲೆ ಅದನ್ನಿಟ್ಟು ಒಂದೇ ದಾರದಲ್ಲಿ ಕಟ್ಟಿಸಿದರು. ‘ಪರ ಮತ್ತು ವಿರೋಧ ಅರ್ಜಿಗಳು ಬಂದಿರುವುದರಿಂದ ಸದ್ಯಕ್ಕೆ ಯಥಾಸ್ಥಿತಿ’ ಎಂದು ಬರೆದರು. ಜನರ ಅಸಮಾಧಾನಕ್ಕೆ ಸರ್ಕಾರ ಹೆದರುತ್ತದೆ ಎನ್ನುವವರು ಈ ದಾರವನ್ನು ನೋಡಿಲ್ಲ. ಒಂದು ಅಸಮಾಧಾನ ತೊಂದರೆ ಕೊಡುತ್ತದೆ, ಒಪ್ಪುತ್ತೇನೆ. ಎರಡು ಬಂದವೋ, ಒಂದಕ್ಕೊಂದು ಕಟ್ಟಿ ಕಪಾಟಿನಲ್ಲಿಡಬಹುದು.

ಅಪ್ಪನ ಎದೆ ಕೆಡುತ್ತ ಬಂತು. ಕೊನೆಯ ಸಲ ಬಂದಾಗ ಸಾಲಿನಲ್ಲಿ ನಿಲ್ಲಲಾಗದೆ ಗೋಡೆ ಹಿಡಿದುಕೊಂಡಿದ್ದ. ಅವನ ಜೊತೆ ಚಿಗವ್ವ ಬಂದಿದ್ದಳು, ಅವ್ವನ ತಂಗಿ, ನಮ್ಮ ಓಣಿಯಲ್ಲೇ ಇರುವವಳು. ಅಪ್ಪ ಕಾಗದ ಒಳಗೆ ಚಾಚಿ ಉಸಿರು ಎಳೆದುಕೊಂಡು ಹೇಳಿದ:

“ಮೇಡಮ್ಮಾರ, ಈ ಸಲ ಗುಂಡಂದು ಹೊಡಿರಿ.”

“ಅದಕ್ಕ ಸಾಹೇಬ್ರ ಸಹಿ ಬೇಕ್ರಿ,” ಅಂದೆ, ನಾನೂ ಆಟದಲ್ಲಿದ್ದವಳು.

“ಎಷ್ಟ ಸಲ ಉದ್ದಂದು ತಗೊಂಡ ಹೋಗ್ಲಿರಿ?”

ಸಾಹೇಬರು ಮೀಟಿಂಗಿಗೆ ಹೋಗಿದ್ದರು. ನಾನು ಗುಂಡನೆಯದನ್ನು ತೆಗೆದು ಹೊಡೆದುಬಿಟ್ಟೆ. ಸಾಯುವ ಮನುಷ್ಯ ಏನೋ ಕೇಳುತ್ತಾನೆ, ಕೊಟ್ಟರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಅಪ್ಪ ಆ ನೀಲಿ ಗುಂಡನ್ನು ಬಹಳ ಹೊತ್ತು ನೋಡಿದ. ಮಸಿ ಆರಲೆಂದು ಬಾಯಿಯಿಂದ ಊದಿದ.

ನಾನು ಸಾಯಂಕಾಲ ಬಸ್ಸಿಳಿದಾಗ ಓಣಿಯಲ್ಲಿ ಪೇಡೆ ಹಂಚುತ್ತಿದ್ದರು. ಮಂಜೂರಾಯಿತು ಎಂದು ಎಲ್ಲರ ಮೊಬೈಲಿನಲ್ಲೂ ಆ ಕಾಗದದ ಫೋಟೊ. ಗುಂಡನೆಯದು ಬಿದ್ದಿದೆ ಅಂದಮೇಲೆ ಅದರಲ್ಲಿ ಸಾಹೇಬರ ಸಹಿ ಇದೆಯೋ ಇಲ್ಲವೋ ಯಾರು ನೋಡುತ್ತಾರೆ? ಎರಡೇ ದಿನಗಳಲ್ಲಿ ಗಾಯರಾಣದ ಮೂಲೆಯ ಮುಳ್ಳುಕಂಟಿ ಕಡಿದು, ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು ನಿಲ್ಲಿಸಿದರು. ಕುರಿಯವರು ತಮ್ಮ ಪೋಚ್ ಹಿಡಿದುಕೊಂಡು ಆ ಕಲ್ಲು ಕಿತ್ತರು. ಇವರು ಮತ್ತೆ ನಿಲ್ಲಿಸಿದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ವಾರ ಕಳೆದೆ. ನೌಕರಿಯ ಭಯವಿತ್ತು, ನಿಜ. ಆದರೆ ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ನಗುತ್ತಿದ್ದ, ಅದೂ ಇತ್ತು.

ಅವನು ಪೂರ್ತಿ ನಂಬಿರಲಿಲ್ಲ ಎಂದು ಈಗ ಅನಿಸುತ್ತದೆ. ಒಂದು ದಿನ ಚಿಗವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದ: “ನಾ ಸತ್ತಾಗ ದಿಬ್ಬದಾಗ ಯಾರರ ಅಡ್ಡ ಬಂದ್ರ ಜಗಳಾ ಮಾಡಬ್ಯಾಡ್ರಿ. ನನ್ನ ಹೆಣಾ ಕಚೇರಿಗಿ ಒಯ್ಯಿರಿ. ಕಾಗದ ಭಾಳ ಕೊಟ್ಟೀನಿ, ಈ ಸಲ ನಾನ ಹೊಕ್ಕೀನಿ. ಓಣಿ ಮಂದಿಗೆಲ್ಲಾ ಜಾಗಾ ಅಂತ ಬರದ ಕೊಡೂತನಕಾ ನನ್ನ ಎತ್ತಬ್ಯಾಡ್ರಿ.” ಆಮೇಲೆ ನನ್ನ ಕಡೆ ತಿರುಗಿ, “ನಿನಗ ತ್ರಾಸ ಆಕ್ಕೈತಿ. ಒಂದ ದಿನ ತಡಕೋ,” ಅಂದ.

ಮಳೆಗಾಲದಲ್ಲಿ ಸತ್ತ. ಹೊಳೆ ದಂಡೆ ನೀರಿನಡಿಯಿತ್ತು. ಬಿಳಿ ಬಟ್ಟೆ ಹೊದಿಸಿ, ಬುದ್ಧವಂದನೆ ಹೇಳಿ, ದಿಬ್ಬಕ್ಕೆ ಒಯ್ದೆವು. ಕುರಿಯವರು ಗಾಯರಾಣದ ಅಂಚಿನಲ್ಲಿ ಸಾಲಾಗಿ ನಿಂತಿದ್ದರು, ಪೊಲೀಸರೂ ಬಂದಿದ್ದರು. ನಮ್ಮವರು ಗುಂಡು ಶಿಕ್ಕಾದ ಕಾಗದ ತೋರಿಸಿದರು. ಪೊಲೀಸರು ಅದನ್ನು ಹಿಂದೆಮುಂದೆ ತಿರುವಿ ನೋಡಿ, ಫೋಟೊ ತೆಗೆದು ಸಾಹೇಬರಿಗೆ ಕಳಿಸಿದರು. ಇಂಥ ಹುಕುಂ ಆಗಿಲ್ಲ ಎಂದು ಐದು ನಿಮಿಷದಲ್ಲಿ ಉತ್ತರ ಬಂತು. ಅಷ್ಟು ಬೇಗ ನಮ್ಮ ಕಚೇರಿಯಿಂದ ಉತ್ತರ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಿಗವ್ವ ನನ್ನ ಮುಖ ನೋಡಿದಳು. “ನಡೀರಿ ಕಚೇರಿಗಿ,” ಅಂದಳು.

ಟ್ರ್ಯಾಕ್ಟರಿನಲ್ಲಿ ಒಯ್ದೆವು. ಮಳೆ ನಿಂತಿತ್ತು. ಅಪ್ಪನನ್ನು ಕಚೇರಿಯ ಮೆಟ್ಟಿಲ ಮೇಲೆ, ನನ್ನ ಕಿಟಕಿಯ ನೇರಕ್ಕೆ ಇಳಿಸಿದರು. ಸಾಲಿನಲ್ಲಿ ನಿಂತಿದ್ದ ಜನ ಹಿಂದೆ ಸರಿದು ಜಾಗ ಬಿಟ್ಟರು. ಓಣಿಯವರೆಲ್ಲ ಸುತ್ತ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತರು, ಅಷ್ಟೇ. ಆದರೂ ಕಚೇರಿ ಅಲ್ಲಾಡಿತು. ಯಾವತ್ತೂ ಕುರ್ಚಿ ಬಿಡದವರು ವರಾಂಡಕ್ಕೆ ಬಂದರು. ತಲಾಟಿ ಓಡಿ ಬಂದ, ಅಳತೆಯವರು ನಕಾಶೆ ತಂದರು. ಇಷ್ಟು ವರ್ಷ ನಾನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸುತ್ತಿದ್ದ ಮನುಷ್ಯರೆಲ್ಲ ಒಂದೇ ಕೋಣೆಯಲ್ಲಿ ಸೇರಿದ್ದು ಆ ದಿನ. ನನ್ನೊಳಗೆ ಅಳುವಿನ ಜೊತೆಗೇ ಒಂದು ಹೆಮ್ಮೆ ಎದ್ದಿತ್ತು. ಅಪ್ಪ ಗೆದ್ದ ಎಂದುಕೊಂಡೆ.

ಸಾಹೇಬರು ನನ್ನನ್ನು ಒಳಗೆ ಕರೆಸಿದರು. ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು. ಮೇಜಿನ ಮೇಲೆ ಆ ಕಾಗದ.

“ತಂದೆಯವರ ವಿಷಯ ತುಂಬಾ ಬೇಸರ ಆಯ್ತು ಮೇಡಂ,” ಅಂದರು. “ಈ ಸೀಲು ಯಾರು ಹಾಕಿದ್ದು ಅಂತ ನಾನು ಕೇಳೋದಿಲ್ಲ. ಕೇಳಿದರೆ ಬರವಣಿಗೆಯಲ್ಲಿ ಕೇಳಬೇಕಾಗುತ್ತೆ. ಮೇಲಿನ ಸಾಹೇಬರು ಹೊರಟಿದ್ದಾರೆ, ಇನ್ನೆರಡು ಗಂಟೆಯಲ್ಲಿ ಇಲ್ಲಿರ್ತಾರೆ. ಅಷ್ಟರೊಳಗೆ ಹೆಣ ಎತ್ತಿಸಿ. ನಿಮ್ಮ ತಂದೆಯವರ ಮಟ್ಟಿಗೆ ಗಾಯರಾಣದಲ್ಲಿ ಜಾಗ ನಾನು ಬರೆದುಕೊಡ್ತೀನಿ. ಕುರಿಯವರನ್ನೂ ಕೇಳಿದ್ದೀನಿ, ಅವರೊಬ್ಬರಿಗಾದರೆ ತಕರಾರಿಲ್ಲ ಅಂತಾರೆ.”

ನನಗೆ ಎಲ್ಲವೂ ಅರ್ಥವಾಗಿತ್ತು. ಓಣಿಗೆಲ್ಲ ಜಾಗ ಕೊಡುವ ಅಧಿಕಾರ ಈ ಸಾಹೇಬರಿಗಿರಲಿಲ್ಲ, ದಾರಿಯಲ್ಲಿದ್ದವರಿಗೆ ಇತ್ತು. ಅವರು ಬಂದು ಮೆಟ್ಟಿಲ ಮೇಲೆ ಅಪ್ಪನನ್ನು ನೋಡಿದರೆ ಏನಾದರೂ ಬರೆದುಕೊಟ್ಟೇ ಹೋಗಬೇಕಿತ್ತು. ಎರಡೇ ಗಂಟೆ. ಅಪ್ಪ ಕೇಳಿದ್ದು ಒಂದು ದಿನ. ಆದರೆ ಅವರು ಆ ಕಾಗದವನ್ನೂ ನೋಡುತ್ತಾರೆ, ಸೀಲು ಯಾರದು ಎಂದು ಬರವಣಿಗೆಯಲ್ಲೇ ಕೇಳುತ್ತಾರೆ. ನನ್ನ ನೌಕರಿ, ಮಗಳ ಕಾಲೇಜು, ಮುಂದಿನ ಪಿಂಚಣಿ, ಎಲ್ಲ ಒಮ್ಮೆಗೇ ತಲೆಯೊಳಗೆ ಬಂದವು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅಪ್ಪ ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ಹೊರಗೆ ಹೋಗಿ ಚಿಗವ್ವನ ಪಕ್ಕ ಕೂತೆ. “ಹೆಣಾ ಕೆಡತೈತಿ ಚಿಗವ್ವಾ,” ಅಂದೆ. “ಅಪ್ಪಗ ಜಾಗಾ ಕೊಟ್ಟಾರ. ಮ್ಯಾಲಿಂದ ಎಲ್ಲಾರಿಗೂ ಆಕ್ಕೈತಂತ. ಮೊದಲ ಇವನ ಮಣ್ಣ ಮಾಡೂನು.”

“ಎಲ್ಲಾರಿಗೂ ಅಂತ ಬರದಾರ?”

“ಬರದಾರ.”

“ನೀ ಓದೀಯೇನ?”

“ನಾ ಓದೀನಿ,” ಅಂದೆ.

ಮಗಳೇ ಹೇಳಿದ ಮೇಲೆ ಬೇರೆಯವರು ಏನು ಹೇಳಬೇಕು? ಎದ್ದರು. ಒಳಗೆ ಸಾಹೇಬರು ಬರೆದುಮುಗಿಸಿದ್ದರು: ‘ಮಾನವೀಯತೆಯ ದೃಷ್ಟಿಯಿಂದ ಈ ಒಂದು ಶವಕ್ಕೆ ಮಾತ್ರ ಅನುಮತಿಸಲಾಗಿದೆ. ಇದನ್ನು ಮುಂದಿನ ಪ್ರಕರಣಗಳಿಗೆ ಆಧಾರವಾಗಿ ಪರಿಗಣಿಸತಕ್ಕದ್ದಲ್ಲ.’ ಸಹಿ ಮಾಡಿ, “ಸೀಲ್ ಹಾಕಿ ಮೇಡಂ,” ಅಂದರು. ಖಾನೆಯ ಕೀಲಿಕೈ ನನ್ನ ಹತ್ತಿರವಿತ್ತು. ಮೆಟ್ಟಿಲ ಮೇಲೆ ಅಪ್ಪನನ್ನು ಎತ್ತುತ್ತಿದ್ದ ಸದ್ದು ಕೇಳುತ್ತಿರುವಾಗಲೇ ನಾನು ಗುಂಡನೆಯದನ್ನು ಹೊಡೆದೆ. ಈ ಸಲ ನಿಯಮದ ಪ್ರಕಾರವೇ ಹೊಡೆದೆ.

ದಿಬ್ಬದಲ್ಲಿ ಕುರಿಯವರ ಹಿರಿಯನೇ ಮೊದಲ ಹಿಡಿ ಮಣ್ಣು ಹಾಕಿದ. “ಛಲೋ ಮನಿಷ್ಯಾ ಇದ್ದ,” ಅಂದ. ಒಬ್ಬ ಸತ್ತವನಿಗೆ ಒಳ್ಳೆಯವರಾಗುವುದು ಆ ದಿನ ಯಾರಿಗೂ ಕಷ್ಟವಾಗಲಿಲ್ಲ. ಮೇಲಿನ ಸಾಹೇಬರು ಸಾಯಂಕಾಲ ಬಂದರಂತೆ, ಖಾಲಿ ಮೆಟ್ಟಿಲು ನೋಡಿ ಚಹಾ ಕುಡಿದು ಹೋದರಂತೆ. ನನಗೆ ನೋಟಿಸು ಬರಲಿಲ್ಲ. ಓಣಿಯ ಹಳೆಯ ಅರ್ಜಿಗಳೆಲ್ಲ ‘ಅನುಮತಿ ನೀಡಿ ಇತ್ಯರ್ಥಪಡಿಸಲಾಗಿದೆ’ ಎಂದು ಹಸಿರಾದವು. ಗುಂಡಿ ಒತ್ತಿದವಳು ನಾನೇ. ಒಂದು ತಿಂಗಳೊಳಗೆ ಕಚೇರಿಯ ಮೆಟ್ಟಿಲಿಗೆ ಕಬ್ಬಿಣದ ಗೇಟು ಬಂತು. ಅಂದಾಜು, ಮಂಜೂರಿ, ಕೆಲಸ, ಎಲ್ಲ ಒಂದೇ ತಿಂಗಳಲ್ಲಿ. ಜನರ ಅಸಮಾಧಾನಕ್ಕೆ ಸರ್ಕಾರ ಸ್ಪಂದಿಸುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಆ ಗೇಟನ್ನು ನೆನೆಯುತ್ತೇನೆ.

‘ಈ ಒಂದು ಶವಕ್ಕೆ ಮಾತ್ರ’ ಎಂಬ ಆ ಕಾಗದವನ್ನು ಓಣಿಯಲ್ಲಿ ಯಾರೋ ಓದಿದರು. ಚಿಗವ್ವ ಜಗಳವಾಡಲಿಲ್ಲ, ಬಯ್ಯಲಿಲ್ಲ. ಅವತ್ತಿನಿಂದ ನನ್ನನ್ನು ಮನೆಯಲ್ಲೂ ಬಾವಿಕಟ್ಟೆಯಲ್ಲೂ “ಮೇಡಮ್ಮಾರ” ಎಂದೇ ಕರೆಯತೊಡಗಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ನಾನು ಕಿಟಕಿ ತೆಗೆದಾಗ ಸಾಲಿನ ಮೊದಲಿಗೆ ಚಿಗವ್ವ ನಿಂತಿದ್ದಳು. ಅವಳ ಹಿಂದೆ ನಮ್ಮ ಓಣಿಯ ಮುದುಕ ಮುದುಕಿಯರು ಎಂಟೊಂಬತ್ತು ಜನ, ಎಲ್ಲರೂ ತೊಳೆದ ಬಟ್ಟೆ ಉಟ್ಟು, ಒಬ್ಬೊಬ್ಬರೂ ಒಂದೊಂದು ಕಾಗದ ಹಿಡಿದುಕೊಂಡು. ಚಿಗವ್ವನ ಕಾಗದ ತೆಗೆದುಕೊಂಡು ಓದಿದೆ. ತಾನು ತೀರಿಕೊಂಡಾಗ ಗಾಯರಾಣದಲ್ಲಿ ತನ್ನ ಶವಕ್ಕೆ ಅನುಮತಿ ಕೊಡಬೇಕೆಂದು ಅವಳ ಹೆಸರಿನಲ್ಲಿತ್ತು. ಕೆಳಗೆ ಹೆಬ್ಬೆಟ್ಟು.

“ಇದೇನ ಚಿಗವ್ವಾ?” ಅಂದೆ.

“ಒಬ್ಬೊಬ್ಬರಿಗೇ ಕೊಡತಾರಂತಲ್ರಿ ಮೇಡಮ್ಮಾರ. ಸತ್ತ ಮ್ಯಾಲ ಬಂದ್ರ ಗೇಟ ಹಾಕಿರತೈತಿ. ಅದಕ್ಕ ಮುಂಚೇನ ಬಂದೀವಿ.”

ನಂಬರು ಬರೆದೆ, ಉದ್ದನೆಯ ಶಿಕ್ಕಾ ಹೊಡೆದೆ, ಪೋಚ್ ಕೊಟ್ಟೆ. ಅವಳು ಅದನ್ನು ನೋಡಿ ತಿರುಗಿ ಒಳಗೆ ಚಾಚಿದಳು.

“ಗುಂಡಂದು ಹೊಡಿರಿ.”

“ಅದನ್ನ ಸತ್ತ ಮ್ಯಾಲ ಹೊಡೀತಾರ ಚಿಗವ್ವಾ,” ಅಂದೆ.

ಚಿಗವ್ವ ಅದನ್ನೂ ಕಚೇರಿಯ ಒಂದು ನಿಯಮವೆಂದು ತಿಳಿದು ತಲೆಯಾಡಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗಿಟ್ಟುಕೊಂಡು, ಹಿಂದಿನವಳಿಗೆ ಜಾಗ ಬಿಟ್ಟಳು.